ನಿನ್ನ ಮರಿಮೊಮ್ಮಕ್ಕಳ ಮೈಕಟ್ಟಿನ ಬಗ್ಗೆ: ಚೀಫ್ ಎಂಬ ಗೂಳಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಚೀಫ್,

ನೀನು ಸತ್ತು ದಶಕಗಳೇ ಕಳೆದಿವೆ. ಆದರೂ ಈ ಪತ್ರವನ್ನು ನಿನ್ನ ಹೆಸರಿಗೇ ಬರೆಯುತ್ತಿದ್ದೇನೆ. ಇವತ್ತು ಬೆಳಗ್ಗೆ ಕೋಲಾರದ ಕಡೆಯಲ್ಲೋ ಮಂಡ್ಯದ ಕಡೆಯಲ್ಲೋ ಒಬ್ಬ ತಾಯಿ ಹಾಲು ಕರೆದು ಡೇರಿಗೆ ಹಾಕಿ ಬಂದಿದ್ದಾಳೆ. ಅವಳ ಕೊಟ್ಟಿಗೆಯಲ್ಲಿ ನಿಂತಿರುವ ಕಪ್ಪು-ಬಿಳಿ ಹಾಲ್‌ಸ್ಟೀನ್ ಸೀಮೆಹಸುವಿನ ಮೈಯಲ್ಲಿ ನಿನ್ನ ಪಾಲು ಇರುವ ಸಂಭವ ಬಹಳ. ಅವಳಿಗೆ ನಿನ್ನ ಹೆಸರು ಗೊತ್ತಿಲ್ಲ. ನಿನ್ನನ್ನು ಆರಿಸಿದವರಿಗೆ ಅವಳ ಕೊಟ್ಟಿಗೆ ಗೊತ್ತಿರಲಿಲ್ಲ. ಹೀಗೆ ಒಬ್ಬರಿಗೊಬ್ಬರು ಗೊತ್ತಿಲ್ಲದವರ ನಡುವೆ ಆ ಹಸುವಿನ ಮೈಕಟ್ಟು ತೀರ್ಮಾನವಾಗಿ ಹೋಗಿದೆ. ಅದರ ಬಗ್ಗೆಯೇ ನನ್ನ ಮಾತು.

ನೀನು ಹುಟ್ಟಿದ್ದು 1962ರಲ್ಲಿ, ಅಮೆರಿಕದ ನೆಬ್ರಾಸ್ಕಾ ರಾಜ್ಯದಲ್ಲಿ. ವಂಶಾವಳಿ ಪುಸ್ತಕದಲ್ಲಿ ನಿನ್ನ ಪೂರ್ತಿ ಹೆಸರು ಪಾನೀ ಫಾರ್ಮ್ ಅರ್ಲಿಂಡಾ ಚೀಫ್. ನಿನಗೆ 16,000 ಹೆಣ್ಣುಮಕ್ಕಳು, ಸುಮಾರು 5 ಲಕ್ಷ ಮೊಮ್ಮಕ್ಕಳು, 20 ಲಕ್ಷಕ್ಕೂ ಮೀರಿ ಮರಿಮೊಮ್ಮಕ್ಕಳು. ಇಂದಿನ ಅಮೆರಿಕದ ಹಾಲ್‌ಸ್ಟೀನ್ ಹಸುಗಳ ಜೀನುಗಳಲ್ಲಿ ನೂರಕ್ಕೆ ಸುಮಾರು 14 ಪಾಲು ನಿನ್ನೊಬ್ಬನಿಂದ ಬಂದದ್ದು ಎಂದು ಲೆಕ್ಕ ಹಾಕಿದ್ದಾರೆ. ಯಾವ ಊರಿನ ದೇವರ ಬಸವನಿಗೂ, ಯಾವ ಅರಮನೆಯ ಬಿತ್ತನೆ ಹೋರಿಗೂ ಇಷ್ಟು ಸಂತಾನ ಆಗಿರಲಾರದು. ಅದು ನಿನ್ನ ಶಕ್ತಿಯಿಂದ ಆದದ್ದೂ ಅಲ್ಲ. 1949ರಲ್ಲಿ ಇಂಗ್ಲೆಂಡಿನಲ್ಲಿ ಕ್ರಿಸ್ ಪೋಲ್ಜ್ ಮತ್ತು ಸಂಗಡಿಗರು ಗ್ಲಿಸರಿನ್ ಬೆರೆಸಿದರೆ ವೀರ್ಯ ಹೆಪ್ಪುಗಟ್ಟಿಸಿದ ಮೇಲೂ ಜೀವಂತವಾಗಿ ಉಳಿಯುತ್ತದೆ ಎಂದು ಕಂಡುಕೊಂಡರು. ಅಲ್ಲಿಂದಾಚೆಗೆ ಗೂಳಿ ಹಸುವಿನ ಹತ್ತಿರ ಹೋಗಬೇಕಾಗಿಲ್ಲ, ಅದೇ ಊರಲ್ಲಿ ಇರಬೇಕಾಗಿಲ್ಲ, ಬದುಕಿರಲೂ ಬೇಕಾಗಿಲ್ಲ. ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿ ಅದ್ದಿಟ್ಟ ಸಣ್ಣ ನಳಿಕೆಯಲ್ಲಿ ನೀನು ಸಮುದ್ರ ದಾಟಿದೆ.

ನಿನ್ನ ಸರಿಸಮ ನಿಂತವನು ಇನ್ನೊಬ್ಬ, 1965ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿದ ರೌಂಡ್ ಓಕ್ ರ್‍ಯಾಗ್ ಆಪಲ್ ಎಲಿವೇಶನ್. 2015ರಲ್ಲಿ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಅಮೆರಿಕದ ಕೃತಕ ಗರ್ಭಧಾರಣೆ ಗೂಳಿಗಳ ಗಂಡುವಂಶವನ್ನು ಹಿಂದಕ್ಕೆ ಹಿಂದಕ್ಕೆ ಹುಡುಕಿಕೊಂಡು ಹೋದರು. ಹೆಚ್ಚುಕಡಿಮೆ ಅರ್ಧದಷ್ಟು ಗೂಳಿಗಳ ದಾರಿ ನಿನ್ನ ಹತ್ತಿರ ಬಂತು, ಉಳಿದರ್ಧ ಎಲಿವೇಶನ್ ಹತ್ತಿರ ಹೋಯಿತು. ಲಕ್ಷಾಂತರ ಹಸುಗಳ ಒಂದು ತಳಿ, ಅದಕ್ಕೆ ಇಬ್ಬರೇ ಮೂಲಪುರುಷರು. ಕೊಲೊರಾಡೊದ ಫೋರ್ಟ್ ಕಾಲಿನ್ಸ್‌ನಲ್ಲಿರುವ ಸರ್ಕಾರಿ ಜೀನ್ ಭಂಡಾರದಲ್ಲಿ ಉಳಿದಿದ್ದ ಹಳೆಯ ವೀರ್ಯವನ್ನು ಹೊರತೆಗೆದು, ಕಳೆದುಹೋದ ಗಂಡುವಂಶಗಳ ಕರುಗಳನ್ನು ಆಮೇಲೆ ಅವರು ಹುಟ್ಟಿಸಿದರು. ಆ ಕೆಲಸದ ಬೆಲೆ ಮುಂದೆ ತಿಳಿಯುತ್ತದೆ.

ನಿನ್ನನ್ನು ಜನ ಯಾಕೆ ಅಷ್ಟು ಬಯಸಿದರು? ಹಾಲು ಮೊದಲ ಕಾರಣ. ಎರಡನೆಯದು ಮೈಕಟ್ಟು. ಅಮೆರಿಕದ ಹಾಲ್‌ಸ್ಟೀನ್ ಸಂಘ 1929ರಿಂದಲೇ ಹಸುಗಳ ಮೈಕಟ್ಟಿಗೆ ಅಂಕ ಕೊಡುತ್ತ ಬಂದಿದೆ. ಅದಕ್ಕೂ ಮೊದಲು, 1920ರ ದಶಕದಲ್ಲಿ, ಆದರ್ಶ ಹಸು ಹೇಗಿರಬೇಕು ಎಂದು ಅವರೆಲ್ಲ ಕೂತು ಚರ್ಚಿಸಿ, ಗೋಝೊ ಕವಾಮುರಾ ಎಂಬ ಜಪಾನಿ ಶಿಲ್ಪಿಯಿಂದ ಅದರ ಪ್ರತಿಮೆಯನ್ನೇ ಮಾಡಿಸಿದರು. ಹಾಗೆ ನೋಡಿದರೆ, ನೀನು ಹುಟ್ಟುವ ಎಷ್ಟೋ ವರ್ಷ ಮೊದಲೇ ನಿನ್ನ ಮೊಮ್ಮಕ್ಕಳ ಆಕಾರವನ್ನು ಒಬ್ಬ ಶಿಲ್ಪಿ ಕಡೆದಿಟ್ಟಿದ್ದ. ತಳಿಗಾರರು ಆ ಆಕಾರದ ಕಡೆಗೆ ಜೀವಂತ ಮಾಂಸವನ್ನು ತಲೆಮಾರಿನಿಂದ ತಲೆಮಾರಿಗೆ ದೂಡಿಕೊಂಡು ಹೋದರು.

ಮೊದಲು ಅಂಕ ಕೊಡುತ್ತಿದ್ದದ್ದು ಕಣ್ಣಂದಾಜಿನಲ್ಲಿ. ಸಾಧಾರಣ, ಒಳ್ಳೆಯದು, ಅತ್ಯುತ್ತಮ ಎನ್ನುವ ಮಾತುಗಳಲ್ಲಿ. 1983ರಲ್ಲಿ ಆ ಸಂಘ ಹೊಸ ಪದ್ಧತಿ ತಂದಿತು. ಒಂದೊಂದು ಅಂಗಕ್ಕೂ 1ರಿಂದ 50ರವರೆಗಿನ ಒಂದು ಗೆರೆ. ಎತ್ತರಕ್ಕೆ ಒಂದು ಗೆರೆ, ಎದೆಯ ಬಲಕ್ಕೆ ಒಂದು, ಹೊಟ್ಟೆಯ ಆಳಕ್ಕೆ ಒಂದು, ಸೊಂಟದ ಇಳಿಜಾರಿಗೆ ಒಂದು, ಹಿಂಗಾಲು ಪಕ್ಕದಿಂದ ಹೇಗೆ ಕಾಣುತ್ತದೆ, ಹಿಂದಿನಿಂದ ಹೇಗೆ ಕಾಣುತ್ತದೆ, ಗೊರಸು ನೆಲಕ್ಕೆ ಯಾವ ಕೋನದಲ್ಲಿ ಕೂರುತ್ತದೆ, ಮುಂಗೆಚ್ಚಲು ಹೊಟ್ಟೆಗೆ ಎಷ್ಟು ಬಿಗಿಯಾಗಿ ಅಂಟಿದೆ, ಹಿಂಗೆಚ್ಚಲು ಎಷ್ಟು ಮೇಲಿದೆ, ಕೆಚ್ಚಲನ್ನು ನಡುವೆ ಎತ್ತಿ ಹಿಡಿಯುವ ಪೊರೆ ಎಷ್ಟು ಗಟ್ಟಿ, ಕೆಚ್ಚಲಿನ ತಳ ಹಿಮ್ಮಡಿಯಿಂದ ಎಷ್ಟು ಮೇಲಿದೆ, ಮೊಲೆತೊಟ್ಟುಗಳು ಎಲ್ಲಿ ಕೂತಿವೆ, ಎಷ್ಟು ಉದ್ದ. ಇಲ್ಲಿ ಒಳ್ಳೆಯದು ಕೆಟ್ಟದು ಎನ್ನುವ ಮಾತಿಲ್ಲ. ಒಂದು ಕೊನೆಯಲ್ಲಿ ಅತಿ ಗಿಡ್ಡ, ಇನ್ನೊಂದು ಕೊನೆಯಲ್ಲಿ ಅತಿ ಎತ್ತರ, ನಡುವೆ ಈ ಹಸು ಎಲ್ಲಿ ನಿಲ್ಲುತ್ತದೆ ಎಂದು ಗುರುತು ಹಾಕುವುದಷ್ಟೆ. ಈ ಪದ್ಧತಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಒಂದು ಗೂಳಿಯ ನೂರಾರು ಹೆಣ್ಣುಮಕ್ಕಳನ್ನು ಬೇರೆ ಬೇರೆ ಕೊಟ್ಟಿಗೆಗಳಲ್ಲಿ ಹೀಗೆ ಅಳೆದು ಸೇರಿಸಿದರೆ, ಯಾವ ಅಂಗ ಅಪ್ಪನಿಂದ ಬಂತು, ಯಾವುದು ಮೇವಿನಿಂದ ಬಂತು ಎಂದು ಬಿಡಿಸಿ ಹೇಳಬಹುದು.

ಹೀಗೆ ಬಿಡಿಸಿದಾಗ ಕಂಡದ್ದನ್ನು ಪ್ರತಿಯೊಬ್ಬ ಹೈನುಗಾರನೂ ತಿಳಿದಿರಬೇಕು. ಎಲ್ಲ ಅಂಗಗಳೂ ಒಂದೇ ಬಿಗಿಯಲ್ಲಿ ವಂಶಕ್ಕೆ ಅಂಟಿಕೊಂಡಿಲ್ಲ. ಹಸುಗಳ ನಡುವೆ ಎತ್ತರದಲ್ಲಿ ಕಾಣುವ ವ್ಯತ್ಯಾಸದಲ್ಲಿ ನೂರಕ್ಕೆ ಸುಮಾರು 42 ಪಾಲು ವಂಶದ್ದು. ಹೊಟ್ಟೆಯ ಆಳದಲ್ಲಿ 37. ಸೊಂಟದ ಇಳಿಜಾರಿನಲ್ಲಿ 33. ಕೆಚ್ಚಲಿನ ಆಳದಲ್ಲಿ 28, ಮೊಲೆತೊಟ್ಟಿನ ಉದ್ದದಲ್ಲಿ 26. ಗೊರಸಿನ ಕೋನಕ್ಕೆ ಬಂದರೆ 15ಕ್ಕೆ ಇಳಿಯುತ್ತದೆ. ಹಿಂದಿನಿಂದ ನೋಡಿದಾಗ ಕಾಲು ನೆಟ್ಟಗಿದೆಯೇ ಎನ್ನುವುದರಲ್ಲಿ 11 ಮಾತ್ರ. ಉಳಿದದ್ದೆಲ್ಲ ನೆಲ, ನೀರು, ಮೇವು, ಕರುವಾಗಿದ್ದಾಗಿನ ಆರೈಕೆ, ಬಂದುಹೋದ ಕಾಯಿಲೆ. ಬೆದೆಗೆ ಬಂದ ಹಸು ಸಕಾಲಕ್ಕೆ ಗಬ್ಬ ಕಟ್ಟುತ್ತದೆಯೇ ಎನ್ನುವುದರಲ್ಲಿ ವಂಶದ ಪಾಲು ನೂರಕ್ಕೆ 4ರ ಆಸುಪಾಸು.

ಇದರ ಪರಿಣಾಮವನ್ನು ಯೋಚಿಸು. ವಂಶದ ಪಾಲು ಹೆಚ್ಚಿದ್ದಷ್ಟೂ ಆ ಗುಣ ಆಯ್ಕೆಗೆ ಬೇಗ ಮಣಿಯುತ್ತದೆ. ಎತ್ತರದ ಗೂಳಿಯನ್ನು ಆರಿಸಿದವನಿಗೆ ಎರಡೇ ತಲೆಮಾರಿನಲ್ಲಿ ಎತ್ತರದ ಹಿಂಡು ಕಣ್ಣ ಮುಂದೆ ನಿಲ್ಲುತ್ತದೆ. ಗಬ್ಬ ಕಟ್ಟುವ ಗುಣಕ್ಕಾಗಿ ಆರಿಸಿದವನು ಸಾವಿರಾರು ಹೆಣ್ಣುಮಕ್ಕಳ ದಾಖಲೆ ಇಟ್ಟುಕೊಂಡು ವರ್ಷಗಟ್ಟಲೆ ಕಾಯಬೇಕು. ಜಾತ್ರೆಯಲ್ಲಿ, ಪ್ರದರ್ಶನದಲ್ಲಿ, ತೀರ್ಪುಗಾರನ ಮುಂದೆ ಹಗ್ಗ ಹಿಡಿದು ನಡೆಸುವಾಗ ಕಾಣುವುದು ಎತ್ತರ. ಬದುಕಿಗೆ ಬೇಕಾದದ್ದು ಮಾತ್ರ ಅಲ್ಲಿ ಕಾಣುವುದಿಲ್ಲ. ಕಣ್ಣು ಮೊದಲು ಎತ್ತರದ ಮೇಲೆ ಬೀಳುತ್ತದೆ, ವಂಶವೂ ಎತ್ತರವನ್ನೇ ಬೇಗ ಕೊಡುತ್ತದೆ. ಎರಡೂ ಒಂದೇ ಕಡೆ ಎಳೆದದ್ದರಿಂದ ಹಾಲ್‌ಸ್ಟೀನ್ ಹಸು ಇಪ್ಪತ್ತನೆಯ ಶತಮಾನದ ಉದ್ದಕ್ಕೂ ಎತ್ತರ ಬೆಳೆಯುತ್ತಲೇ ಹೋಯಿತು. ಹಳೆಯ ಕೊಟ್ಟಿಗೆಗಳ ಕಟ್ಟುಜಾಗ ಅವಕ್ಕೆ ಸಾಲದಾಯಿತು.

ಎತ್ತರದಿಂದ ಹಾಲು ಬಂತೇ? ಅದನ್ನು ಪರೀಕ್ಷಿಸಿದವರು ಇದ್ದಾರೆ. ಮಿನೆಸೋಟ ವಿಶ್ವವಿದ್ಯಾಲಯದವರು 1966ರಲ್ಲಿ ತಮ್ಮ ಹಾಲ್‌ಸ್ಟೀನ್ ಹಿಂಡನ್ನು ಎರಡಾಗಿ ಒಡೆದರು. ಒಂದಕ್ಕೆ ದೊಡ್ಡ ಮೈಯ ಗೂಳಿಗಳ ವೀರ್ಯ, ಇನ್ನೊಂದಕ್ಕೆ ಸಣ್ಣ ಮೈಯ ಗೂಳಿಗಳ ವೀರ್ಯ. ಎರಡೂ ಕಡೆ ಹಾಲು ಕೊಡುವ ಗುಣದಲ್ಲಿ ಸಮನಾದ ಗೂಳಿಗಳೇ. ಇದನ್ನು ದಶಕಗಳ ಕಾಲ ಬಿಡದೆ ನಡೆಸಿದರು. ಎರಡು ಸಾಲುಗಳ ಹಸುಗಳು ಎತ್ತರದಲ್ಲೂ ತೂಕದಲ್ಲೂ ಸ್ಪಷ್ಟವಾಗಿ ಬೇರೆಯಾದವು. ಹಾಲಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಸಣ್ಣ ಸಾಲಿನ ಹಸುಗಳು ಹಿಂಡಿನಲ್ಲಿ ಹೆಚ್ಚು ಕಾಲ ಉಳಿದವು. ಅಷ್ಟೇ ಹಾಲು, ಕಡಿಮೆ ಮೈ, ಆದ್ದರಿಂದ ಮೈ ಸಾಕಲು ಕಡಿಮೆ ಮೇವು, ಮೇಲೆ ಹೆಚ್ಚು ಸೂಲು. ಇಷ್ಟು ಸರಳವಾದ, ಇಷ್ಟು ತಾಳ್ಮೆಯ ಪ್ರಯೋಗವನ್ನು ಕೃಷಿ ವಿಜ್ಞಾನದಲ್ಲಿ ನಾನು ಹೆಚ್ಚು ಕಂಡಿಲ್ಲ. 2000ದಿಂದ ಅಮೆರಿಕದ ಸರ್ಕಾರಿ ಲೆಕ್ಕಾಚಾರವಾದ ನೆಟ್ ಮೆರಿಟ್ ಸೂಚ್ಯಂಕದಲ್ಲಿ ದೊಡ್ಡ ಮೈಗೆ ಅಂಕ ಕಳೆಯುತ್ತಾರೆ. ಪ್ರದರ್ಶನದ ಅಂಗಳದಲ್ಲಿ ಎತ್ತರದ ಹಸುವಿನ ಆಕರ್ಷಣೆ ಅದರಿಂದ ಮಾಯವಾಗಿಲ್ಲ.

ಕೆಚ್ಚಲಿನ ವಿಷಯದಲ್ಲಿ ನಿನ್ನ ಕುಲದ ತಳಿಗಾರರಿಗೆ ನಾನು ಕೈಮುಗಿಯುತ್ತೇನೆ. ಅವರ ಅಂಕಪಟ್ಟಿಯಲ್ಲಿ ನೂರಕ್ಕೆ 40 ಅಂಕ ಕೆಚ್ಚಲಿಗೇ ಮೀಸಲು. ಅದು ಸರಿಯಾದ ನಿರ್ಧಾರ. ಜೋತುಬಿದ್ದ ಕೆಚ್ಚಲು ಸಗಣಿ ಮೆತ್ತಿಕೊಳ್ಳುತ್ತದೆ, ನಡೆಯುವಾಗ ಕಾಲಿಗೆ ತಾಗುತ್ತದೆ, ಎದ್ದೇಳುವಾಗ ತನ್ನದೇ ಗೊರಸಿನಡಿ ತೊಟ್ಟು ಸಿಕ್ಕಿ ಜಜ್ಜುತ್ತದೆ. ಕೆಚ್ಚಲು ಬಾವು ಬಂದ ಹಸುವಿನ ಪಕ್ಕದಲ್ಲಿ ರಾತ್ರಿ ಕೂತವರಿಗೆ ಹಿಮ್ಮಡಿಯಿಂದ ನಾಲ್ಕು ಬೆರಳು ಮೇಲೆ ನಿಲ್ಲುವ ಕೆಚ್ಚಲಿನ ಬೆಲೆ ಗೊತ್ತು. ಕೆಚ್ಚಲು ಬಾವು ಬರುವುದು ಬಿಡುವುದು ನೇರವಾಗಿ ವಂಶದಲ್ಲಿ ಇರುವುದು ಬಹಳ ಕಡಿಮೆ. ಆದರೆ ಕೆಚ್ಚಲಿನ ಆಳ, ಅದರ ಕಟ್ಟುಗಳ ಬಿಗಿ ವಂಶದಲ್ಲಿ ಇಳಿದು ಬರುತ್ತವೆ. ಕಾಯಿಲೆಯನ್ನು ಆರಿಸಿ ತೆಗೆಯಲಾಗದಿದ್ದರೂ ಅದಕ್ಕೆ ದಾರಿ ಬಿಡುವ ಆಕಾರವನ್ನು ಆರಿಸಿ ತೆಗೆಯಬಹುದು. ಮೈಕಟ್ಟಿನ ಅಂಕಕ್ಕೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕಿಲ್ಲ.

ಆದರೆ ನಿನ್ನ ಮಗನನ್ನೇ ನೋಡು, ವಾಕ್‌ವೇ ಚೀಫ್ ಮಾರ್ಕ್. ಅವನ ಹೆಣ್ಣುಮಕ್ಕಳ ಕೆಚ್ಚಲನ್ನು ಹಾಡಿ ಹೊಗಳಿದವರೇ ಅವರ ಕಾಲುಗಳನ್ನು ಕಂಡು ತಲೆಗೆ ಕೈ ಹೊತ್ತರು. ಒಳ್ಳೆಯ ಕೆಚ್ಚಲು, ಕೆಟ್ಟ ಕಾಲು ಎಂದರೆ ಮಾರ್ಕ್ ಎನ್ನುವಷ್ಟು ಆ ಮಾತು ತಳಿಗಾರರಲ್ಲಿ ನಿಂತಿತು. ಸಂತೆಯಲ್ಲಿ ತರಕಾರಿ ಆರಿಸಿದ ಹಾಗೆ ಒಂದು ಗೂಳಿಯ ಒಳ್ಳೆಯ ಅಂಗವನ್ನಷ್ಟೇ ಆರಿಸಿ ಚೀಲಕ್ಕೆ ಹಾಕಿಕೊಳ್ಳಲು ಆಗುವುದಿಲ್ಲ. ನಳಿಕೆಯಲ್ಲಿ ಕೆಚ್ಚಲೂ ಬರುತ್ತದೆ, ಕಾಲೂ ಬರುತ್ತದೆ, ಇನ್ನೂ ಯಾರೂ ಹೆಸರಿಡದ ಎಷ್ಟೋ ಬರುತ್ತವೆ. ಕೆಲವು ಗುಣಗಳಂತೂ ಬೇರೆಯಾಗದ ಹಾಗೆ ಹೆಣೆದುಕೊಂಡಿವೆ. ಹಾಲ್‌ಸ್ಟೀನ್ ತೀರ್ಪುಗಾರರು ಬಹುಕಾಲ ಮೆಚ್ಚಿದ್ದು ತೆಳು ಚರ್ಮದ, ಪಕ್ಕೆಲುಬು ಎಣಿಸಬಹುದಾದ, ಚೂಪು ಭುಜದ, ಮೂಳೆ ಎದ್ದು ಕಾಣುವ ಹಸುವನ್ನು. ತಿಂದದ್ದನ್ನೆಲ್ಲ ಮೈಗೆ ಹಚ್ಚಿಕೊಳ್ಳದೆ ಹಾಲಿಗೆ ಸುರಿಯುವ ಹಸು ಎಂದು ಅದರ ಅರ್ಥ. ಅರ್ಥ ನಿಜವೇ. ಆ ರೂಪವನ್ನು ಆರಿಸುತ್ತ ಹೋದಷ್ಟೂ ಕರು ಹಾಕಿದ ಮೇಲೆ ಬರುವ ಕಾಯಿಲೆಗಳೂ ಗಬ್ಬ ಕಟ್ಟದಿರುವಿಕೆಯೂ ಅದರ ಜೊತೆಗೇ ಬರುತ್ತವೆ ಎಂಬುದು ಆಮೇಲಿನ ಅಧ್ಯಯನಗಳಲ್ಲಿ ಕಂಡಿತು. ಅಮೆರಿಕದ ಹಾಲ್‌ಸ್ಟೀನ್‌ಗಳ ಗಬ್ಬ ಕಟ್ಟುವ ಶಕ್ತಿ 1960ರ ದಶಕದಿಂದ ಶತಮಾನದ ಕೊನೆಯವರೆಗೆ ಇಳಿಯುತ್ತಲೇ ಹೋಯಿತು. 2003ರಲ್ಲಿ ಅದನ್ನೂ ಗೂಳಿಗಳ ಮೌಲ್ಯಮಾಪನಕ್ಕೆ ಸೇರಿಸಿದ ಮೇಲೆ ಮೆಲ್ಲಗೆ ತಿರುಗಿತು. ವಂಶದ ಪಾಲು ನೂರಕ್ಕೆ ನಾಲ್ಕೇ ಇದ್ದರೂ, ಪಟ್ಟಿಯಲ್ಲಿ ಒಂದು ಸಾಲು ಸೇರಿಸಿದ್ದಕ್ಕೆ ಅದು ತಿರುಗಿತು. ಈ ಸಂಗತಿಯನ್ನು ನೆನೆದಾಗಲೆಲ್ಲ ನನಗೆ ಧೈರ್ಯ ಬರುತ್ತದೆ.

ಇನ್ನು ಹೇಳಲು ಕಷ್ಟವಾದ ಮಾತು. ನಿನ್ನ ಐದನೆಯ ವರ್ಣತಂತುವಿನಲ್ಲಿ, ಎಪಿಎಎಫ್1 ಎಂಬ ಜೀನಿನಲ್ಲಿ, ಒಂದು ಅಕ್ಷರ ತಪ್ಪಿತ್ತು. ಜೋಡಿಯಲ್ಲಿ ಒಂದು ಸರಿಯಿದ್ದದ್ದರಿಂದ ನಿನಗೆ ಏನೂ ಆಗಲಿಲ್ಲ. ನಿನ್ನ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಅದು ಹೋಯಿತು, ಅವಕ್ಕೂ ಏನೂ ಆಗಲಿಲ್ಲ. ಅವು ಚೆನ್ನಾಗಿ ಬೆಳೆದವು, ಹಾಲು ಕೊಟ್ಟವು, ಅಂಕ ಗಳಿಸಿದವು. ಆ ತಪ್ಪು ಹೊತ್ತ ನಿನ್ನ ವಂಶದ ಗೂಳಿ ಅದನ್ನೇ ಹೊತ್ತ ನಿನ್ನ ವಂಶದ ಹಸುವಿಗೆ ಸಿಕ್ಕಾಗ ಮಾತ್ರ, ಎರಡೂ ಕಡೆಯಿಂದ ಆ ತಪ್ಪು ಅಕ್ಷರ ಬಂದ ನಾಲ್ಕರಲ್ಲೊಂದು ಭ್ರೂಣ ಹೊಟ್ಟೆಯಲ್ಲೇ ಸತ್ತಿತು. ಕಣ್ಣಿಗೆ ಕಾಣುವ ಕುರೂಪ ಕರು ಹುಟ್ಟಿದ್ದರೆ ಯಾರಾದರೂ ಬೇಗ ಎಚ್ಚೆತ್ತುಕೊಳ್ಳುತ್ತಿದ್ದರು. ಇಲ್ಲಿ ಕಂಡದ್ದು ಇಷ್ಟೆ: ಗಬ್ಬ ಎಂದುಕೊಂಡ ಹಸು ಮತ್ತೆ ಬೆದೆಗೆ ಬಂತು, ಇಲ್ಲವೇ ಕಂದು ಹಾಕಿತು. ರೈತ ಮೇವನ್ನು ದೂರಿದ, ಸೆಕೆಯನ್ನು ದೂರಿದ, ಇಂಜೆಕ್ಷನ್ ಹಾಕಿದವನನ್ನು ದೂರಿದ.

ಅದನ್ನು ಕಂಡುಹಿಡಿದ ಬಗೆ ನನ್ನನ್ನು ಬಹಳ ಕಾಡಿದೆ. 2011ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಪಾಲ್ ವ್ಯಾನ್‌ರೇಡನ್ ಮತ್ತು ಸಂಗಡಿಗರು ಸಾವಿರಾರು ಹಸುಗಳ ಡಿಎನ್‌ಎ ದಾಖಲೆಗಳನ್ನು ಮುಂದಿಟ್ಟುಕೊಂಡು ಇಲ್ಲದ್ದನ್ನು ಹುಡುಕಿದರು. ಹಿಂಡಿನಲ್ಲಿ ಸಾಕಷ್ಟು ಕಾಣುವ ಒಂದು ಡಿಎನ್‌ಎ ತುಣುಕು ಜೋಡಿಯಾಗಿ ಯಾವ ಒಂದು ಬದುಕಿರುವ ಹಸುವಿನಲ್ಲೂ ಇಲ್ಲದಿದ್ದರೆ, ಜೋಡಿಯಾದದ್ದು ಬದುಕಲಿಲ್ಲ ಎಂದೇ ಲೆಕ್ಕ. ಹುಟ್ಟದೆ ಹೋದ ಕರುಗಳನ್ನು ಅವರು ಹೀಗೆ ಎಣಿಸಿದರು. ಆಮೇಲೆ ಇತರ ಸಂಶೋಧಕರು ನಿನ್ನ ಡಿಎನ್‌ಎಯನ್ನೇ ಪೂರ್ತಿ ಓದಿ ಆ ಅಕ್ಷರವನ್ನು ಗುರುತಿಸಿದರು. 2016ರಲ್ಲಿ ಪ್ರಕಟವಾದ ಲೆಕ್ಕದಂತೆ ಜಗತ್ತಿನಾದ್ಯಂತ ಸುಮಾರು 5,25,000 ಗರ್ಭಗಳು ಇದರಿಂದ ಬಿದ್ದುಹೋಗಿವೆ, ನಷ್ಟ ಸುಮಾರು 42 ಕೋಟಿ ಡಾಲರ್. ಅದೇ ಲೆಕ್ಕದಲ್ಲಿ ನಿನ್ನ ಜೀನುಗಳಿಂದ ಹೆಚ್ಚಾದ ಹಾಲಿನ ಬೆಲೆ 35 ವರ್ಷಗಳಲ್ಲಿ 3,000 ಕೋಟಿ ಡಾಲರ್. ತಕ್ಕಡಿಯಲ್ಲಿ ತೂಗಿದರೆ ನೀನು ಲಾಭವೇ. ಆದರೆ ಲಾಭ ಬಂದದ್ದು ಒಂದು ಕೊಟ್ಟಿಗೆಗೆ, ನಷ್ಟ ಹೊತ್ತದ್ದು ಇನ್ನೊಂದು ಕೊಟ್ಟಿಗೆ. ಐವತ್ತು ವರ್ಷ ಯಾರಿಗೂ ಕಾರಣ ತಿಳಿಯಲಿಲ್ಲ, ಏಕೆಂದರೆ ನಾವು ನಿನ್ನಲ್ಲಿ ಕಾಣುವುದನ್ನು ಮಾತ್ರ ಅಳೆಯುತ್ತಿದ್ದೆವು.

ನೀನೊಬ್ಬನೇ ಅಲ್ಲ. 1952ರಲ್ಲಿ ಹುಟ್ಟಿದ ಆಸ್ಬಾರ್ನ್‌ಡೇಲ್ ಐವನ್‌ಹೋ ಎಂಬ ಗೂಳಿಯ ವಂಶದಿಂದ ಬಿಎಲ್‌ಎಡಿ ಎಂಬ ರೋಗ ಹರಡಿತು. ಆ ರೋಗವಿರುವ ಕರುಗಳ ಬಿಳಿ ರಕ್ತಕಣಗಳು ಸೋಂಕಿನ ಜಾಗಕ್ಕೆ ಹೋಗಲಾರವು, ಕರುಗಳು ಬೇಗ ಸಾಯುತ್ತವೆ. ಅದೇ ವಂಶದ ಕಾರ್ಲಿನ್-ಎಂ ಐವನ್‌ಹೋ ಬೆಲ್ ಆ ರೋಗದ ಜೊತೆಗೆ ಬೆನ್ನುಮೂಳೆಯ ಇನ್ನೊಂದು ದೋಷವನ್ನೂ ಜಗತ್ತಿಗೆಲ್ಲ ಹಂಚಿದ. ಇಂಥವನ್ನು ಈಗ ಒಂದು ರಕ್ತದ ಹನಿಯಲ್ಲಿ ಪತ್ತೆ ಮಾಡಬಹುದು. ನಮ್ಮ ದೇಶದ ವೀರ್ಯ ಕೇಂದ್ರಗಳ ಮಾನದಂಡವೂ ಬಿಎಲ್‌ಎಡಿ, ಸಿಟ್ರುಲಿನೀಮಿಯಾ, ಡಂಪ್ಸ್, ಫ್ಯಾಕ್ಟರ್ 11 ಕೊರತೆ ಎಂಬ ವಂಶದೋಷಗಳನ್ನು ಪರೀಕ್ಷಿಸಿಯೇ ಗೂಳಿಯನ್ನು ಸೇರಿಸಿಕೊಳ್ಳಬೇಕು ಎನ್ನುತ್ತದೆ. ನಿನ್ನ ಆ ಒಂದು ಅಕ್ಷರದ ಪರೀಕ್ಷೆಯೂ ಎಲ್ಲ ಹಾಲ್‌ಸ್ಟೀನ್ ಗೂಳಿಗಳಿಗೆ ಕಡ್ಡಾಯವಾಗಬೇಕು. ಫಲಿತಾಂಶ ನಳಿಕೆಯ ಜೊತೆ ರೈತನ ಕೈಗೆ ಬರಬೇಕು.

ಈಗ ನಮ್ಮ ಕೊಟ್ಟಿಗೆಗೆ ಬರುತ್ತೇನೆ. ಮೈಕಟ್ಟು ನೋಡಿ ಆರಿಸುವುದನ್ನು ನೀವು ನಮಗೆ ಕಲಿಸಬೇಕಾಗಿರಲಿಲ್ಲ. ಮೈಸೂರು ಒಡೆಯರ ಬೆಣ್ಣೆ ಚಾವಡಿಯ ಹಿಂಡು ಟಿಪ್ಪುವಿನ ಕಾಲಕ್ಕೆ ಅಮೃತ್ ಮಹಲ್ ಆಯಿತು. ಸೈನ್ಯದ ಸಾಮಾನು ಹೊತ್ತು ಬೇಗ ಬೇಗ ನಡೆಯುವ ಕಾಲು, ಬಿಗಿ ಮೈ, ಗಟ್ಟಿ ಗೊರಸು ಅಲ್ಲಿ ತಲೆಮಾರುಗಳ ಕಾಲ ಆಯ್ಕೆಯಾದವು. ಹಳ್ಳಿಕಾರ್ ಜೋಡಿ ಕೊಳ್ಳುವ ರೈತ ಇವತ್ತಿಗೂ ಘಾಟಿ ಸುಬ್ರಹ್ಮಣ್ಯದ ಜಾತ್ರೆಯಲ್ಲಿ ಕೊಂಬು, ಕಾಲು, ಬೆನ್ನು, ಸುಳಿ ಎಲ್ಲ ನೋಡಿಯೇ ಮಾತಿಗೆ ಇಳಿಯುತ್ತಾನೆ. ಆ ಪಟ್ಟಿ ಬರೆದವನೇ ಆ ಎತ್ತಿನ ಹಿಂದೆ ನೇಗಿಲು ಹಿಡಿದು ನಡೆಯುತ್ತಿದ್ದ. ಸೀಮೆಹಸು ಬಂದಾಗ ಪಟ್ಟಿಯೂ ಸೀಮೆಯಿಂದಲೇ ಬಂತು. ನನ್ನ ತಕರಾರು ಅದೊಂದೇ.

ಒಂದು ಅಂಗವನ್ನಷ್ಟೇ ತೆಗೆದುಕೊಳ್ಳುತ್ತೇನೆ, ಮೊಲೆತೊಟ್ಟು. ಯಂತ್ರದಲ್ಲಿ ಕರೆಯುವ ಕೊಟ್ಟಿಗೆಗೆ ಉದ್ದ ತೊಟ್ಟು ಬೇಡ. ಕೆಚ್ಚಲು ಎತ್ತರಕ್ಕೆ ಬಿಗಿದಂತೆ, ತೊಟ್ಟುಗಳು ನೆಟ್ಟಗೆ ನಡುವಿನ ಕಡೆಗೆ ಸರಿದಂತೆ, ಅವು ಚಿಕ್ಕವೂ ಆಗುತ್ತ ಬಂದವು. ಈಗ ಅಲ್ಲಿಯ ತಳಿಗಾರರಿಗೇ ಅದು ಅತಿಯಾಗಿದೆ. ರೋಬೋ ಕರೆಯುವ ಕಡೆ ಹಿಂದಿನ ಎರಡು ತೊಟ್ಟುಗಳು ತೀರ ಹತ್ತಿರ ಬಂದು ಯಂತ್ರಕ್ಕೆ ಸಿಗುತ್ತಿಲ್ಲ. ನಮ್ಮ ಹಳ್ಳಿಯಲ್ಲಿ ಏನಾಗುತ್ತದೆ? ಒಂದೆರಡು ಹಸು ಸಾಕಿದ ಮನೆಯಲ್ಲಿ ಕರೆಯುವುದು ಬಹುಪಾಲು ಕೈಯಲ್ಲೇ, ಹೆಂಗಸರ ಕೈಯಲ್ಲೇ. ತೊಟ್ಟು ಇಡೀ ಮುಷ್ಟಿಗೆ ಸಿಕ್ಕಿದರೆ ಒತ್ತಿ ಒತ್ತಿ ಕರೆಯಬಹುದು. ಹಸುವಿಗೂ ಹಿತ, ಕೈಗೂ ಹಿತ. ತೊಟ್ಟು ಗಿಡ್ಡವಾದರೆ ಹೆಬ್ಬೆರಳು ಮತ್ತು ತೋರುಬೆರಳಲ್ಲಿ ಹಿಡಿದು ಜಗ್ಗಬೇಕು. ಹಾಗೆ ದಿನಕ್ಕೆರಡು ಹೊತ್ತು ಹತ್ತು ಲೀಟರು ಜಗ್ಗಿದ ಹೆಂಗಸಿನ ಹೆಬ್ಬೆರಳು ಸಂಜೆಗೆ ಊದುತ್ತದೆ. ಹಸುವಿನ ತೊಟ್ಟು ಗಾಯವಾಗುತ್ತದೆ, ಪೂರ್ತಿ ಇಳಿಯದ ಹಾಲಿನಲ್ಲಿ ಕೆಚ್ಚಲು ಬಾವು ಹುಟ್ಟುತ್ತದೆ. ತೊಟ್ಟಿನ ಉದ್ದದಲ್ಲಿ ವಂಶದ ಪಾಲು ನೂರಕ್ಕೆ 26. ಆರಿಸಿದರೆ ಸರಿಹೋಗುವ ಗುಣ ಅದು! ಪ್ರತಿ ಗೂಳಿಯ ವರದಿಯಲ್ಲೂ ಆ ಸಾಲು ಇರುತ್ತದೆ. ಯಾರೋ ಯಾವುದೋ ದೇಶದಲ್ಲಿ ತಮ್ಮ ಯಂತ್ರದ ಬಟ್ಟಲಿಗೆ ಸರಿಯಾಗಿ ಆರಿಸಿದ ಅಳತೆ ಇಲ್ಲಿ ಒಬ್ಬಳ ಬೆರಳಿನ ನೋವಾಗಿ ಇಳಿದಿದೆ ಎಂದರೆ ನನಗೆ ಸಹಿಸಲು ಆಗುವುದಿಲ್ಲ.

ಎತ್ತರದ ಮಾತೂ ಹಾಗೆಯೇ. ಬೂಸಾ, ಹಿಂಡಿ ದುಡ್ಡು ಕೊಟ್ಟು ತರುವ ಮನೆಯಲ್ಲಿ ದೊಡ್ಡ ಮೈ ಎಂದರೆ ದೊಡ್ಡ ಹೊಟ್ಟೆ. ಏಪ್ರಿಲ್ ಬಿಸಿಲಲ್ಲಿ ಆ ಮೈ ತನ್ನ ಬಿಸಿಯನ್ನೇ ಕಳೆದುಕೊಳ್ಳಲಾರದೆ ಏದುಸಿರು ಬಿಡುತ್ತದೆ. ಗೊರಸಿನ ಕೋನವನ್ನೂ ನಾವು ಹೆಚ್ಚು ಗಮನಿಸಬೇಕು. ನಮ್ಮ ಹಸುಗಳಲ್ಲಿ ಎಷ್ಟೋ ದಿನವಿಡೀ ಹಸಿ ಸಿಮೆಂಟಿನ ಮೇಲೆ ಕಟ್ಟಿದಲ್ಲೇ ನಿಂತಿರುತ್ತವೆ. ವಂಶದ ಪಾಲು 15ಕ್ಕೆ ಇಳಿದ ಆ ಗುಣಕ್ಕೆ ಗೂಳಿಯ ಆಯ್ಕೆಯೊಂದೇ ಸಾಲದು. ಒಣ ನೆಲ, ಒಂದಿಷ್ಟು ಬಿಡಾಡಿಸುವುದು, ವರ್ಷಕ್ಕೊಮ್ಮೆಯಾದರೂ ಗೊರಸು ಕೊಯ್ಯಿಸುವುದು ಉಳಿದ 85 ಪಾಲಿನ ಕೆಲಸ. ಎಲ್ಲವನ್ನೂ ಒಳ್ಳೆಯ ತಳಿಯ ನಳಿಕೆಯೇ ಮಾಡಿಕೊಡುತ್ತದೆ ಎಂದು ರೈತನಿಗೆ ಹೇಳಿ ಕಳಿಸುವವರು ಈ ಲೆಕ್ಕವನ್ನೂ ಹೇಳಬೇಕು.

ಹಸು ಬೆದೆಗೆ ಬಂದಾಗ ರೈತ ಫೋನು ಮಾಡುತ್ತಾನೆ. ಕೃತಕ ಗರ್ಭಧಾರಣೆ ಮಾಡುವವರು ಬೈಕಿನಲ್ಲಿ ಬರುತ್ತಾರೆ. ‘ಎಚ್‌ಎಫ್ ಹಾಕ್ಲಾ, ಜರ್ಸಿ ಹಾಕ್ಲಾ?’ ಎಂಬ ಪ್ರಶ್ನೆ ಕೇಳುತ್ತಾರೆ. ಎಚ್‌ಎಫ್ ಎಂದರೆ ನಿನ್ನ ಹಾಲ್‌ಸ್ಟೀನ್ ತಳಿಯೇ. ಮಾತು ಅಲ್ಲಿಗೆ ಮುಗಿಯುತ್ತದೆ. ಬಿಸಿಲಲ್ಲಿ ಊರೂರು ಸುತ್ತುವ ಅವರ ಮೇಲೆ ನನಗೆ ಗೌರವವಿದೆ. ಅವರ ಕೈಗೆ ಬರುವ ನಳಿಕೆಯ ಮೇಲೆ ಗೂಳಿಯ ಸಂಖ್ಯೆ ಅಚ್ಚಾಗಿರುತ್ತದೆ. ಹಸುವಿನ ಕಿವಿಯಲ್ಲಿ 12 ಅಂಕಿಯ ಓಲೆ ಇರುತ್ತದೆ. ಇವೆರಡೂ ಒಂದೇ ಕಡೆ ದಾಖಲಾದರೆ ಆ ಗೂಳಿಯ ಹೆಣ್ಣುಮಕ್ಕಳು ಯಾವ ಊರಲ್ಲಿ ಹೇಗೆ ನಿಂತಿವೆ ಎಂದು ತಿಳಿಯಬಹುದು. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯ (ಎನ್‌ಡಿಡಿಬಿ) ಸಂತತಿ ಪರೀಕ್ಷೆ ಯೋಜನೆಗಳಲ್ಲಿ ಹಾಲಿನ ಜೊತೆ ಮೈಕಟ್ಟಿನ ಅಂಕವನ್ನೂ ಬರೆದುಕೊಳ್ಳುತ್ತಾರೆ. ಆ ಕೆಲಸ ದೊಡ್ಡದು, ಅದು ಇನ್ನೂ ಹೆಚ್ಚಿನ ಊರುಗಳಿಗೆ ಹಬ್ಬಬೇಕು. ನಳಿಕೆ ಹಾಕಿದ ದಿನವೇ ಗೂಳಿಯ ಸಂಖ್ಯೆ ಬರೆದ ಚೀಟಿ ರೈತನ ಕೈಗೆ ಸಿಗಬೇಕು. ಮೂರು ವರ್ಷದ ಮೇಲೆ ಆ ಗಬ್ಬದಲ್ಲಿ ಹುಟ್ಟಿದ ಕಡಸು ಬೆದೆಗೆ ಬಂದಾಗ ಅದರ ಅಪ್ಪನ ನಳಿಕೆಯೇ ಮತ್ತೆ ಅದಕ್ಕೆ ಬೀಳದಂತೆ ನೋಡಿಕೊಳ್ಳಲು ಆ ಚೀಟಿ ಬಿಟ್ಟರೆ ಬೇರೆ ದಾರಿಯಿಲ್ಲ. ನಿನ್ನ ಕಥೆಯಿಂದ ನಾನು ಕಲಿತದ್ದರಲ್ಲಿ ಎಲ್ಲಕ್ಕಿಂತ ತುರ್ತಿನದು ಇದು.

ಚೀಫ್, ನಿನ್ನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ನೀನು ಏನನ್ನೂ ಆರಿಸಲಿಲ್ಲ. ನಿನ್ನ ಹಾಲಿನ ಗುಣದಿಂದ ಎಷ್ಟೋ ಮನೆಗಳಲ್ಲಿ ವಾರದ ಬಟವಾಡೆ ಬಂದಿದೆ, ಮಕ್ಕಳ ಫೀಸು ಕಟ್ಟಿದೆ, ಸಂಘದ ಸಾಲ ತೀರಿದೆ. ಅದನ್ನು ಮರೆತು ಮಾತಾಡಿದರೆ ಅನ್ಯಾಯವಾಗುತ್ತದೆ. ಈ ಪತ್ರದ ಪ್ರತಿಯನ್ನು ನಮ್ಮ ವೀರ್ಯ ಕೇಂದ್ರಗಳಿಗೂ ತಳಿ ನೀತಿ ಬರೆಯುವವರಿಗೂ ಕಳಿಸುತ್ತಿದ್ದೇನೆ. ಅವರಲ್ಲಿ ಕೇಳುವುದಿಷ್ಟು: ಮುಂದಿನ ಗೂಳಿಗಳನ್ನು ಆರಿಸುವ ಸಭೆಗೆ ಕೈಯಲ್ಲಿ ಹಾಲು ಕರೆಯುವ ಕೆಲವು ಹೆಂಗಸರನ್ನು ಕರೆಯಿರಿ, ಅವರಿಗೆ ಖುರ್ಚಿ ಕೊಡಿ, ದಿನಗೂಲಿ ಕೊಡಿ. ಆ ಗೂಳಿಗಳ ಹೆಣ್ಣುಮಕ್ಕಳನ್ನು ಅವರ ಕೈಯಿಂದ ಕರೆಸಿ. ತೊಟ್ಟು ಮುಷ್ಟಿಗೆ ಸಿಕ್ಕಿತೇ, ಕೆಚ್ಚಲು ಬರಿದಾಯಿತೇ, ಹಸು ಕಾಲು ಝಾಡಿಸದೆ ನಿಂತಿತೇ ಎಂದು ಅವರನ್ನೇ ಕೇಳಿ, ಅವರು ಹೇಳಿದ್ದನ್ನು ಅಂಕಪಟ್ಟಿಯಲ್ಲಿ ಬರೆದುಕೊಳ್ಳಿ.

ಇಂತಿ,
ಕರ್ನಾಟಕದ ಒಬ್ಬ ಹೈನುಗಾರ